ಕಣಕಣಗಳ ಸೆಳೆತ ಮತ್ತು ತಳ್ಳಾಟ
(ಬೆಳಕು, ವಿದ್ಯುತ್ತು, ಅಯಸ್ಕಾಂತ ಹಾಗೂ ಆರೋಗ್ಯ)

ಹಾಲು ಒಡೆಯುವುದು ಮನೆಮನೆಯ ಅನುಭವ. ಕಾದ ಹಾಲಿಗೆ ಅರ್ಧ ಹೋಳು ನಿಂಬೆಯ ರಸ ಬಿದ್ದರೆ ಸಾಕು. ಗಟ್ಟಿ ಒಂದು ಕಡೆ, ನೀರು ಒಂದು ಕಡೆ ಆಗಿಬಿಡುತ್ತದೆ. ಇದರಲ್ಲಿ ತಿಳಿಯಬೇಕಾದುದೇನಿದೆ ಎಂದು ಯಾರಾದರೂ ಕೇಳಬಹುದು. ಆದರೆ ಈ ಸಾಮಾನ್ಯ ಘಟನೆಯ ಒಡಲಿನಲ್ಲಿಯೇ ಇಂದಿನ ವೈದ್ಯಕೀಯದ ಒಂದು ಮಹತ್ತ್ವದ ತತ್ತ್ವ ಅಡಗಿದೆ. ಲಸಿಕೆಯ ಸೀಸೆಯಿಂದ ಹಿಡಿದು ಗರ್ಭಪರೀಕ್ಷೆಯ ಪಟ್ಟಿಯವರೆಗೆ ಅನೇಕ ಸಾಧನಗಳ ನಂಬಿಕೆ ನಿಂತಿರುವುದು ಇದೇ ತತ್ತ್ವದ ಮೇಲೆ.

ಹಾಲಿನಲ್ಲಿ ಕೇಸೀನ್ ಎಂಬ ಸಸಾರಜನಕ ವಸ್ತು ಸಣ್ಣ ಸಣ್ಣ ಉಂಡೆಗಳ ರೂಪದಲ್ಲಿ ತೇಲುತ್ತಿರುತ್ತದೆ. ಒಂದೊಂದು ಉಂಡೆಯ ವ್ಯಾಸ ಸರಾಸರಿ 150 ನ್ಯಾನೋಮೀಟರಿನಷ್ಟು. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ನ್ಯಾನೋಮೀಟರ್. ಮನುಷ್ಯನ ರಕ್ತದ ಒಂದು ಕೆಂಪುಕಣದ ಅಡ್ಡಳತೆ ಸುಮಾರು 7,500 ನ್ಯಾನೋಮೀಟರ್ ಎಂದರೆ, ಕೇಸೀನ್ ಉಂಡೆ ಎಷ್ಟು ಸಣ್ಣದೆಂಬುದು ಊಹೆಗೆ ಬರುತ್ತದೆ. ಈ ಉಂಡೆಗಳ ಮೈಮೇಲೆ ಋಣ ವಿದ್ಯುದಂಶವುಳ್ಳ ನವಿರಾದ ಎಳೆಗಳಿವೆ. ಸಮಾನ ವಿದ್ಯುದಂಶಗಳು ಒಂದನ್ನೊಂದು ದೂಡುವುದರಿಂದಲೂ ಎಳೆಗಳು ಅಡ್ಡ ಬರುವುದರಿಂದಲೂ ಉಂಡೆಗಳು ಪರಸ್ಪರ ತಾಗದೆ ಬಿಡಿಬಿಡಿಯಾಗಿ ಉಳಿಯುತ್ತವೆ. ನಿಂಬೆಯ ಆಮ್ಲ ಆ ವಿದ್ಯುದಂಶವನ್ನು ತೊಡೆದುಹಾಕುತ್ತದೆ. ದೂಡುವ ಬಲ ಕುಸಿದೊಡನೆ, ಅದುವರೆಗೆ ಹಿಂದೆ ಅಡಗಿದ್ದ ಸೆಳೆತ ಮೇಲುಗೈ ಪಡೆಯುತ್ತದೆ, ಉಂಡೆಗಳು ಅಂಟಿಕೊಳ್ಳುತ್ತವೆ, ಹಾಲು ಒಡೆಯುತ್ತದೆ.

ಅತಿಸೂಕ್ಷ್ಮ ಕಣಗಳ ಲೋಕದಲ್ಲಿ ಗುರುತ್ವಾಕರ್ಷಣೆಯ ಪ್ರಭಾವ ಅತ್ಯಲ್ಪ. ಅಲ್ಲಿ ಆಳುವುದು ವಿದ್ಯುತ್ಕಾಂತ ಬಲಗಳು. ಇವುಗಳ ಪರಿಚಯ ಮಾಡಿಕೊಂಡರೆ ಎರಡು ಪ್ರಯೋಜನಗಳುಂಟು. ಒಳ್ಳೆಯ ಔಷಧಿಯನ್ನು ಅರಿಯದೆ ಕೆಡಿಸುವುದು ತಪ್ಪುತ್ತದೆ. ಅಯಸ್ಕಾಂತದ ಹೆಸರಿನಲ್ಲಿ ನಡೆಯುವ ವ್ಯಾಪಾರಕ್ಕೆ ಮರುಳಾಗುವುದೂ ತಪ್ಪುತ್ತದೆ.

ವಿದ್ಯುದಂಶವಿಲ್ಲದಿದ್ದರೂ ಸೆಳೆತ

ಒಣಗಿದ ತಲೆಗೂದಲನ್ನು ಬಾಚಿದ ಬಾಚಣಿಗೆಯನ್ನು ಕಾಗದದ ಚೂರುಗಳ ಬಳಿ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಬಾಚಣಿಗೆಯಲ್ಲಿ ವಿದ್ಯುದಂಶ ಸೇರಿದೆ ನಿಜ. ಆದರೆ ಕಾಗದದಲ್ಲಿ ಅದಿಲ್ಲ. ಹಾಗಿದ್ದೂ ಸೆಳೆತವೇಕೆ? ಬಾಚಣಿಗೆಯ ಕ್ಷೇತ್ರದಲ್ಲಿ ಕಾಗದದೊಳಗಿನ ಧನ ಮತ್ತು ಋಣ ವಿದ್ಯುದಂಶಗಳು ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಅತ್ತಿತ್ತ ಸರಿಯುತ್ತವೆ. ಚೂರಿನ ಒಂದು ತುದಿ ಧನವಾಗಿ ಇನ್ನೊಂದು ತುದಿ ಋಣವಾಗುತ್ತದೆ. ಇಂಥ ಜೋಡಿಗೆ ದ್ವಿಧ್ರುವ ಎಂದು ಹೆಸರು. ಬಾಚಣಿಗೆಗೆ ಹತ್ತಿರವಾದ ತುದಿಯ ಮೇಲಿನ ಸೆಳೆತವು ದೂರದ ತುದಿಯ ಮೇಲಿನ ತಳ್ಳುವಿಕೆಗಿಂತ ಹೆಚ್ಚಾದುದರಿಂದ ಚೂರು ಬಾಚಣಿಗೆಯತ್ತ ಹಾರುತ್ತದೆ. ಮುಂದೆ ಬರುವ ಎಲ್ಲ ಸಂಗತಿಗಳಿಗೂ ಈ ದ್ವಿಧ್ರುವವೇ ಕೀಲಿಕೈ.

ಬಾಚಣಿಗೆಯಂಥ ಹೊರಗಿನ ಪ್ರೇರಣೆಯಿಲ್ಲದೆಯೂ ದ್ವಿಧ್ರುವಗಳು ಹುಟ್ಟಬಲ್ಲವು. ಪರಮಾಣುವಿನೊಳಗಿನ ಎಲೆಕ್ಟ್ರಾನುಗಳು ಎಂದೂ ಸುಮ್ಮನಿರುವುದಿಲ್ಲ. ಅವುಗಳ ಚಂಚಲತೆಯಿಂದ ಕ್ಷಣಕ್ಷಣಕ್ಕೂ ದ್ವಿಧ್ರುವಗಳು ಹುಟ್ಟಿ ಅಳಿಯುತ್ತಿರುತ್ತವೆ. ಒಂದು ಕಣದಲ್ಲಿ ಹುಟ್ಟಿದ ದ್ವಿಧ್ರುವ ನೆರೆಯ ಕಣದಲ್ಲಿ ತನಗೆ ಅನುಗುಣವಾದ ದ್ವಿಧ್ರುವವನ್ನು ಪ್ರೇರಿಸುತ್ತದೆ. ಎರಡರ ನಡುವೆ ಸೆಳೆತ ಉಂಟಾಗುತ್ತದೆ. ಹಾಲೆಂಡಿನ ವಾನ್ ಡರ್ ವಾಲ್ಸ್ 1873ರಲ್ಲಿ ತನ್ನ ಪ್ರಬಂಧದಲ್ಲಿ ಅಣುಗಳ ನಡುವಣ ಆಕರ್ಷಣೆಯನ್ನು ಗಣನೆಗೆ ತಂದನು. 1910ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಚಂಚಲ ದ್ವಿಧ್ರುವಗಳ ಮೂಲಕ ಈ ಆಕರ್ಷಣೆಯನ್ನು 1930ರಲ್ಲಿ ವಿವರಿಸಿದವನು ಫ್ರಿಟ್ಸ್ ಲಂಡನ್. 1948ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯ ಕ್ಯಾಸಿಮಿರ್ ಮತ್ತು ಪೋಲ್ಡರ್ ಅವರು, ಕಣಗಳ ನಡುವಿನ ಅಂತರ ಹೆಚ್ಚಾದಾಗ ಈ ಸೆಳೆತ ಹಿಂದಿನ ಲೆಕ್ಕಕ್ಕಿಂತಲೂ ಬೇಗ ಕುಗ್ಗುವುದೆಂದು ತೋರಿಸಿದರು. ಕ್ಷೇತ್ರದ ಸುದ್ದಿ ಒಂದು ಕಣದಿಂದ ಇನ್ನೊಂದಕ್ಕೆ ಮುಟ್ಟಲು ಬೆಳಕಿನ ವೇಗದಲ್ಲಿಯೂ ಕಿಂಚಿತ್ ಕಾಲ ಬೇಕಾಗುವುದೇ ಇದರ ಕಾರಣ. ದ್ರವದಲ್ಲಿ ತೇಲುವ ಪುಡಿಗಳ ಮೇಲೆ ಅದೇ ಪ್ರಯೋಗಶಾಲೆಯಲ್ಲಿ ನಡೆದಿದ್ದ ಪರೀಕ್ಷೆಗಳೇ ಈ ಲೆಕ್ಕಾಚಾರಕ್ಕೆ ಪ್ರೇರಣೆಯಾಗಿದ್ದವೆಂಬುದು ಗಮನಾರ್ಹ.

ಹೀಗೆ ದ್ರವದಲ್ಲಿ ತೇಲುವ ಯಾವುದೇ ಸೂಕ್ಷ್ಮ ಕಣಗಳ ನಡುವೆ ಎರಡು ಶಕ್ತಿಗಳ ಹಗ್ಗಜಗ್ಗಾಟ ನಡೆದಿರುತ್ತದೆ. ಅಂಟಿಸುವ ಸೆಳೆತ ಒಂದು. ಮೈಮೇಲಿನ ವಿದ್ಯುದಂಶದ ತಳ್ಳಾಟ ಇನ್ನೊಂದು. ಯಾವುದು ಗೆಲ್ಲುವುದೋ ಅದರಂತೆ ದ್ರಾವಣ ಬಾಳುತ್ತದೆ ಅಥವಾ ಕೆಡುತ್ತದೆ.

ಕೆಂಪು ಚಿನ್ನ, ನೀಲಿ ಚಿನ್ನ

ಈ ಹಗ್ಗಜಗ್ಗಾಟವನ್ನು ಬರಿಗಣ್ಣಿಗೆ ತೋರಿಸಿಕೊಡುವ ವಸ್ತು ಚಿನ್ನ. 1857ರಲ್ಲಿ ಮೈಕೇಲ್ ಫ್ಯಾರಡೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲುವಂತೆ ಮಾಡಿದಾಗ ದೊರೆತದ್ದು ಹಳದಿಯಲ್ಲ, ಮಾಣಿಕ್ಯದಂಥ ಕೆಂಪು ದ್ರವ. ಅವನು ಸಿದ್ಧಪಡಿಸಿದ ದ್ರವದ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಉಳಿದಿವೆ. ಒಂದೂವರೆ ಶತಮಾನಕ್ಕೂ ಮಿಕ್ಕಿ ಆ ಕಣಗಳು ತಳಕ್ಕೆ ಇಳಿಯದಿರುವುದು ವಿದ್ಯುದಂಶದ ತಳ್ಳಾಟಕ್ಕೆ ಸಾಕ್ಷಿ. ಇಂಥ ದ್ರವಕ್ಕೆ ಉಪ್ಪು ಬೆರೆಸಿದರೆ ಕೆಂಪು ನೀಲಿಗೆ ತಿರುಗುವುದನ್ನೂ ಫ್ಯಾರಡೆ ಕಂಡಿದ್ದನು. ಉಪ್ಪಿನ ಅಯಾನುಗಳು ಕಣದ ಸುತ್ತ ನೆರೆದು ಅದರ ವಿದ್ಯುದಂಶವನ್ನು ಮರೆಮಾಡುತ್ತವೆ. ಕಣಗಳು ಹತ್ತಿರ ಬಂದು ಗುಂಪುಕಟ್ಟುತ್ತವೆ. ಚಿನ್ನದ ಕಣದ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುತ್ತವೆ. ಒಂಟಿ ಕಣದ ತೂಗಾಟಕ್ಕೂ ಒಂದಕ್ಕೊಂದು ಒತ್ತಿದ ಕಣಗಳ ತೂಗಾಟಕ್ಕೂ ವ್ಯತ್ಯಾಸವಿರುವುದರಿಂದ ಬಣ್ಣ ಬದಲಾಗುತ್ತದೆ.

ಈ ಕೆಂಪು ಚಿನ್ನವೇ ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಅನೇಕ ಪರೀಕ್ಷಾಪಟ್ಟಿಗಳ ಜೀವಾಳ. ಗರ್ಭಪರೀಕ್ಷೆ, ಮಲೇರಿಯಾ, ಡೆಂಗ್ಯೂ, 2020ರ ನಂತರ ಮನೆಮಾತಾದ ಕೋವಿಡ್ ತ್ವರಿತ ಪರೀಕ್ಷೆ ಮುಂತಾದವುಗಳಲ್ಲಿ ಕಾಣುವ ಕೆಂಪು ಗೆರೆ ಬಹುಮಟ್ಟಿಗೆ ಚಿನ್ನದ ಕಣಗಳದು; ಕೆಲವು ಪಟ್ಟಿಗಳಲ್ಲಿ ಮಾತ್ರ ಬಣ್ಣದ ಪ್ಲಾಸ್ಟಿಕ್ ಕಣಗಳಿರುತ್ತವೆ. ಚಿನ್ನದ ಕಣಗಳಿಗೆ ಪ್ರತಿಕಾಯವೆಂಬ ಸಸಾರಜನಕದ ಹೊದಿಕೆ ಹಾಕಿರುತ್ತಾರೆ. ಪರೀಕ್ಷಿಸಬೇಕಾದ ವಸ್ತು ಮೂತ್ರದಲ್ಲೋ ರಕ್ತದಲ್ಲೋ ಇದ್ದರೆ ಕಣಗಳು ಅದನ್ನು ಹಿಡಿದುಕೊಂಡು ಪಟ್ಟಿಯಲ್ಲಿ ಹರಿದು, ನಿಗದಿಯಾದ ಗೆರೆಯಲ್ಲಿ ಸಿಕ್ಕಿ ನಿಲ್ಲುತ್ತವೆ. ಮೂತ್ರವಾಗಲಿ ರಕ್ತವಾಗಲಿ ಉಪ್ಪಿನಿಂದ ಕೂಡಿದ ದ್ರವವಷ್ಟೆ. ಹೊದಿಕೆಯಿಲ್ಲದ ಚಿನ್ನವಾಗಿದ್ದರೆ ಗೆರೆ ಮುಟ್ಟುವ ಮುನ್ನವೇ ಗುಂಪುಕಟ್ಟಿ ಕೆಡುತ್ತಿತ್ತು. ಹೊದಿಕೆ ಆ ಅಪಾಯವನ್ನು ತಡೆಯುತ್ತದೆ.

ಆದ್ದರಿಂದಲೇ ಪಟ್ಟಿಯ ಪೊಟ್ಟಣವನ್ನು ಮುಂಚಿತವಾಗಿ ಒಡೆದಿಡಬಾರದು. ಕಡಲತೀರದ ನಗರಗಳ ಮಳೆಗಾಲದ ತೇವ ಅದನ್ನು ಸುಲಭವಾಗಿ ಕೆಡಿಸುತ್ತದೆ. ಅವಧಿ ಮೀರಿದ ಪಟ್ಟಿಯನ್ನು ನಂಬಬಾರದು. ಹೇಳಿದ ಹೊತ್ತಿಗೆ ಮೊದಲೂ ನೋಡಬಾರದು, ಬಹಳ ತಡವಾಗಿಯೂ ನೋಡಬಾರದು. ಪಟ್ಟಿಯಲ್ಲಿ ‘ಸಿ’ ಎಂದು ಗುರುತಿಸಿದ ನಿಯಂತ್ರಣ ಗೆರೆ ಮೂಡದಿದ್ದರೆ ಕಣಗಳು ಸರಿಯಾಗಿ ಹರಿದಿಲ್ಲವೆಂದೇ ಅರ್ಥ. ಆಗ ಉತ್ತರ ‘ಇಲ್ಲ’ ಎಂದು ತಿಳಿಯುವುದು ತಪ್ಪು. ಪರೀಕ್ಷೆಯೇ ನಡೆದಿಲ್ಲವೆಂದು ತಿಳಿದು ಹೊಸ ಪಟ್ಟಿಯಿಂದ ಮತ್ತೆ ಪರೀಕ್ಷಿಸಬೇಕು.

ಮಂಜುಗಡ್ಡೆಯಿಂದ ಕೆಡುವ ಲಸಿಕೆ

ಹಾಲು ಒಡೆದರೆ ಕಣ್ಣಿಗೆ ಕಾಣುತ್ತದೆ. ಲಸಿಕೆ ‘ಒಡೆದರೆ’ ಎಲ್ಲರ ಕಣ್ಣಿಗೂ ಕಾಣುವುದಿಲ್ಲ. ಧನುರ್ವಾಯು, ಹೆಪಟೈಟಿಸ್-ಬಿ, ಎಳೆಮಕ್ಕಳಿಗೆ ಕೊಡುವ ಪಂಚಸಂಯುಕ್ತ ಲಸಿಕೆ ಮೊದಲಾದವುಗಳಲ್ಲಿ ಔಷಧದ ಅಂಶವು ಅಲ್ಯೂಮಿನಿಯಂ ಲವಣದ ನವಿರಾದ ಕಣಗಳಿಗೆ ಅಂಟಿಕೊಂಡಿರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವಲ್ಲಿ ಈ ಕಣಗಳ ಪಾತ್ರ ಹಿರಿದು.

ಲಸಿಕೆ ಹೆಪ್ಪುಗಟ್ಟಿದಾಗ ನೀರು ಮಂಜಿನ ಹರಳಾಗುತ್ತ, ಕಣಗಳನ್ನು ಇಕ್ಕಟ್ಟಾದ ಸಂದುಗಳಿಗೆ ನೂಕುತ್ತದೆ. ಅಲ್ಲಿ ಲವಣದ ಸಾಂದ್ರತೆಯೂ ಏರುತ್ತದೆ. ತಳ್ಳಾಟದ ತಡೆಗೋಡೆ ಮುರಿದು ಕಣಗಳು ಅಂಟಿಕೊಳ್ಳುತ್ತವೆ. ಮಂಜು ಕರಗಿದ ಮೇಲೆ ಅವು ಮತ್ತೆ ಬಿಡಿಯಾಗುವುದಿಲ್ಲ. ಕಳೆದುಹೋದ ಸತ್ತ್ವವೂ ಮರಳುವುದಿಲ್ಲ. ಹೆಪ್ಪುಗಟ್ಟಿದ ಸೀಸೆಯನ್ನು ಕುಲುಕಿ ಇಟ್ಟರೆ ಗಸಿ ಬೇಗನೆ ತಳಕ್ಕಿಳಿಯುವುದನ್ನು ಗಮನಿಸಿ, ಲಸಿಕೆ ಕೆಟ್ಟಿದೆಯೆಂದು ಆರೋಗ್ಯ ಕಾರ್ಯಕರ್ತರು ನಿರ್ಣಯಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಈ ವಿಧಾನಕ್ಕೆ ಕುಲುಕು ಪರೀಕ್ಷೆ ಎಂದು ಹೆಸರು.

ತಂಪು ಹೆಚ್ಚಾದಷ್ಟೂ ಔಷಧಿಗೆ ಒಳ್ಳೆಯದೆಂಬ ಭಾವನೆ ಅನೇಕರಲ್ಲಿದೆ. ಈ ವರ್ಗದ ಲಸಿಕೆಗಳ ಮಟ್ಟಿಗೆ ಅದು ತಪ್ಪು ಕಲ್ಪನೆ. ಅವುಗಳಿಗೆ ಬೇಕಾದುದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು. ಅಂಗಡಿಯಿಂದ ವೈದ್ಯರ ಬಳಿಗೆ ಒಯ್ಯುವಾಗ ಸೀಸೆ ಮಂಜುಗಡ್ಡೆಗೆ ನೇರವಾಗಿ ತಾಗಬಾರದು. ಮನೆಯ ಫ್ರಿಜ್ಜಿನ ಮೇಲಿನ ಹೆಪ್ಪುಗಟ್ಟಿಸುವ ಅರೆಯಲ್ಲಂತೂ ಇಡಲೇಬಾರದು. ಇನ್ಸುಲಿನ್ನಿನ ರಚನೆ ಬೇರೆಯಾದರೂ ಈ ಎಚ್ಚರ ಅದಕ್ಕೂ ಅನ್ವಯಿಸುತ್ತದೆ. ರಜೆಯಲ್ಲಿ ಊರಿಗೆ ಹೊರಟ ಮಧುಮೇಹಿಗಳು ದೀರ್ಘ ರೈಲು ಪ್ರಯಾಣದಲ್ಲಿ ಇನ್ಸುಲಿನ್ನನ್ನು ಮಂಜಿನ ಚೂರುಗಳ ನಡುವೆ ಹೂಳಿಡುವುದುಂಟು. ಬಿಸಿಲಿನಿಂದ ಕಾಪಾಡುವುದು ಅಗತ್ಯ. ಆದರೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆ ಕಂಡರೂ ಬಳಸಬಾರದು.

ತಳ್ಳುವ ಬೆಳಕು, ಹಿಡಿಯುವ ಬೆಳಕು

ಇದುವರೆಗೆ ಹೇಳಿದ್ದು ಕಣಗಳ ಸ್ವಂತ ಬಲಗಳ ಮಾತು. ಹೊರಗಿನಿಂದ ಒಂದು ಕ್ಷೇತ್ರವನ್ನು ಹಾಯಿಸಿ ಕಣಗಳನ್ನು ಬೇಕಾದಂತೆ ನಡೆಸಬಹುದೆ? ಬೆಳಕೂ ಒಂದು ವಿದ್ಯುತ್ಕಾಂತ ಅಲೆಯಾದುದರಿಂದ ಅದಕ್ಕೆ ಒತ್ತಡವಿರಬೇಕೆಂದು 1873ರಲ್ಲಿ ಮ್ಯಾಕ್ಸ್‌ವೆಲ್ ಲೆಕ್ಕಹಾಕಿದ್ದನು. ರಷ್ಯದ ಲೆಬೆಡೆವ್ 20ನೆಯ ಶತಮಾನದ ಆರಂಭದಲ್ಲಿ ಅದನ್ನು ಪ್ರಯೋಗದಿಂದ ಸಾಧಿಸಿದನು. ಒಂದು ಚದರ ಮೀಟರ್ ಅಗಲದ ಕಪ್ಪು ಹಲಗೆಯ ಮೇಲೆ ಪ್ರಖರ ಬಿಸಿಲು ನೇರವಾಗಿ ಬಿದ್ದರೆ ಉಂಟಾಗುವ ಒಟ್ಟು ಒತ್ತು ಅರ್ಧ ಮಿಲಿಗ್ರಾಂ ತೂಕಕ್ಕಿಂತಲೂ ಕಡಿಮೆ. ಮನುಷ್ಯನಿಗೆ ಇದು ಏನೂ ಅಲ್ಲ. ಸೂಕ್ಷ್ಮ ಕಣಕ್ಕಾದರೋ ಲೇಸರ್ ಕಿರಣದ ಒತ್ತು ಬಿರುಗಾಳಿಯಂತೆ.

ಅಮೆರಿಕದ ಬೆಲ್ ಪ್ರಯೋಗಶಾಲೆಯ ಆರ್ಥರ್ ಆಶ್ಕಿನ್ 1970ರಲ್ಲಿ ಲೇಸರ್ ಕಿರಣದಿಂದ ನೀರಿನಲ್ಲಿದ್ದ ಪ್ಲಾಸ್ಟಿಕ್ ಗೋಲಿಗಳನ್ನು ತಳ್ಳಿ ನೋಡಿದಾಗ, ಅವು ಮುಂದಕ್ಕೆ ಸರಿಯುವುದರ ಜೊತೆಗೆ ಕಿರಣದ ನಡುಭಾಗಕ್ಕೂ ಸೆಳೆಯಲ್ಪಟ್ಟವು. ಬಾಚಣಿಗೆ ಕಾಗದವನ್ನು ಸೆಳೆದಂತೆಯೇ, ಬೆಳಕಿನ ಕ್ಷೇತ್ರ ಪ್ರಬಲವಾಗಿರುವೆಡೆಗೆ ದ್ವಿಧ್ರುವಗಳು ಸೇರಿದ್ದವು. 1986ರಲ್ಲಿ ಅವನು ಸಂಗಡಿಗರೊಡನೆ ಒಂದೇ ಕಿರಣವನ್ನು ಮಸೂರದಿಂದ ಬಿಂದುವಿಗೆ ಕೂಡಿಸಿ 25 ನ್ಯಾನೋಮೀಟರಿನಷ್ಟು ಸಣ್ಣ ಕಣಗಳನ್ನೂ ಹಿಡಿದು ನಿಲ್ಲಿಸಿದನು. ಇದೇ ‘ಬೆಳಕಿನ ಚಿಮಟ’. ಮರುವರ್ಷವೇ ವೈರಸ್ಸು ಮತ್ತು ಬ್ಯಾಕ್ಟೀರಿಯಗಳನ್ನು ಅದರಿಂದ ಹಿಡಿಯಲಾಯಿತು. 2018ರಲ್ಲಿ, 96ರ ವಯಸ್ಸಿನಲ್ಲಿ, ಆಶ್ಕಿನ್‌ಗೆ ನೊಬೆಲ್ ಪಾರಿತೋಷಕದ ಅರ್ಧ ಭಾಗ ದೊರೆಯಿತು.

ಬೆಳಕು ಕಣವನ್ನು ಹಿಡಿಯುವುದಷ್ಟೇ ಅಲ್ಲ, ಕಣಕಣಗಳ ನಡುವೆಯೂ ಬಲವನ್ನುಂಟುಮಾಡುತ್ತದೆ. ಬೆಳಕಿನಲ್ಲಿ ಸಿಕ್ಕ ಪ್ರತಿಯೊಂದು ಕಣವೂ ಪುಟ್ಟ ರೇಡಿಯೋ ಕೇಂದ್ರದಂತೆ ಅಲೆಗಳನ್ನು ಸುತ್ತಲೂ ಚೆದರಿಸುತ್ತದೆ. ಆ ಅಲೆ ನೆರೆಯ ಕಣವನ್ನು ತಲಪಿದಾಗ, ಅಲ್ಲಿನ ತೂಗಾಟಕ್ಕೆ ಹೊಂದಿಕೊಂಡರೆ ಒಂದು ಬಗೆಯ ಬಲ, ಹೊಂದದಿದ್ದರೆ ಇನ್ನೊಂದು ಬಗೆಯ ಬಲ. ಹೀಗಾಗಿ ಕಣಗಳ ನಡುವಿನ ದೂರ ಹೆಚ್ಚಿದಂತೆ ಸೆಳೆತ, ತಳ್ಳಾಟ, ಮತ್ತೆ ಸೆಳೆತ ಎಂಬ ಸರದಿ ಕಾಣುತ್ತದೆ. 1989ರಲ್ಲಿ ಬರ್ನ್ಸ್, ಫೂರ್ನಿಯೇ ಮತ್ತು ಗೊಲೊವ್‌ಚೆಂಕೊ ಅವರು ನೀರಿನಲ್ಲಿದ್ದ ಎರಡು ಪ್ಲಾಸ್ಟಿಕ್ ಗೋಲಿಗಳು ಬೆಳಕಿನ ತರಂಗದೂರಕ್ಕೆ ಅನುಗುಣವಾದ ಕೆಲವೇ ಅಂತರಗಳಲ್ಲಿ ನಿಲ್ಲಬಯಸುವುದನ್ನು ಪ್ರಯೋಗದಿಂದ ತೋರಿಸಿದರು. ನಡುವೆ ದಾರವಿಲ್ಲ, ಅಂಟಿಲ್ಲ, ಬೆಳಕೇ ಬಂಧನ.

ಬೆಳಕಿನ ಚಿಮಟದ ಬಲ ನ್ಯೂಟನ್ನಿನ ಲಕ್ಷಕೋಟಿ ಪಾಲಿನಲ್ಲಿ ಕೆಲವು ಪಾಲು ಮಾತ್ರ. ಜೀವಕೋಶಗಳನ್ನು ಘಾಸಿಗೊಳಿಸದೆ ಹಿಡಿದು ನೋಡಲು ಆ ಮೃದುತ್ವವೇ ಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆರೋಗ್ಯವಂತ ಕೆಂಪು ರಕ್ತಕಣಗಳನ್ನೂ ಮಲೇರಿಯಾ ಸೋಂಕಿನ ಕಣಗಳನ್ನೂ ಇಂಥ ಚಿಮಟದಲ್ಲಿ ಹಿಡಿದು ಪರೀಕ್ಷಿಸಿ, ಬೆಳಕಿನಲ್ಲಿ ಎರಡರ ವರ್ತನೆ ಬೇರೆಯಾಗಿರುವುದನ್ನು 2004ರಲ್ಲಿ ಪ್ರಕಟಿಸಿದರು. ಮಲೇರಿಯಾದ ಪರಾವಲಂಬಿ ಸೇರಿದ ರಕ್ತಕಣ ತನ್ನ ಬಳುಕುವ ಗುಣವನ್ನು ಕಳೆದುಕೊಂಡು ಬಿರುಸಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಅದು ಸಿಕ್ಕಿಕೊಳ್ಳುವುದೇ ರೋಗ ಉಲ್ಬಣಿಸುವುದಕ್ಕೆ ಒಂದು ಕಾರಣವಾದುದರಿಂದ ಇಂಥ ಅಧ್ಯಯನ ಬರಿಯ ಕುತೂಹಲದ್ದಲ್ಲ.

ಅಯಸ್ಕಾಂತದ ಬಲ ಮತ್ತು ಅದರ ಎಲ್ಲೆ

ಕಬ್ಬಿಣದ ಆಕ್ಸೈಡಿನ ಸುಮಾರು 10 ನ್ಯಾನೋಮೀಟರ್ ಗಾತ್ರದ ಕಣಗಳಿಗೆ ಒಂದು ವಿಶೇಷ ಗುಣವಿದೆ. ಹೊರಗಿನ ಕಾಂತಕ್ಷೇತ್ರ ಇರುವವರೆಗೆ ಅವು ಪುಟ್ಟ ಅಯಸ್ಕಾಂತಗಳು. ಕ್ಷೇತ್ರ ಹೋದೊಡನೆ ಆ ಗುಣವೂ ಹೋಗುತ್ತದೆ. ಕ್ಷೇತ್ರದ ದಿಕ್ಕಿನಲ್ಲಿ ಒಂದರ ಹಿಂದೊಂದು ಬಂದ ಕಣಗಳು ಪರಸ್ಪರ ಸೆಳೆದು ಸರಪಳಿಯಾಗುತ್ತವೆ. ಪಕ್ಕಪಕ್ಕದಲ್ಲಿ ಬಂದವು ಒಂದನ್ನೊಂದು ದೂಡುತ್ತವೆ. ಅಯಸ್ಕಾಂತವನ್ನು ಹಿಂದೆಗೆದರೆ ಸರಪಳಿ ಕಳಚುತ್ತದೆ. ಇಂಥ ಕಣಗಳನ್ನು ತುಂಬಿದ ಸಣ್ಣ ಮಣಿಗಳಿಂದ ರೋಗಿಯ ಮಾದರಿಯಲ್ಲಿರುವ ವೈರಸ್ಸಿನ ಆರ್.ಎನ್.ಎ.ಯನ್ನು ಹಿಡಿದು, ಅಯಸ್ಕಾಂತದಿಂದ ಒಂದು ಕಡೆ ಸೆಳೆದು, ತೊಳೆದು ಬೇರ್ಪಡಿಸುವ ಯಂತ್ರಗಳು ಕೋವಿಡ್ ಕಾಲದ ಪ್ರಯೋಗಶಾಲೆಗಳಲ್ಲಿ ಬಹಳವಾಗಿ ದುಡಿದವು.

ಹಾಗಾದರೆ ಔಷಧಿಯನ್ನು ಇಂಥ ಕಣಗಳ ಮೇಲೆ ಹೇರಿ, ಹೊರಗಿನಿಂದ ಅಯಸ್ಕಾಂತ ಹಿಡಿದು, ದೇಹದ ಆಳದಲ್ಲಿರುವ ಗಡ್ಡೆಗೆ ಸೆಳೆಯಬಹುದಲ್ಲವೆ? ಇಲ್ಲಿ ಗಣಿತ ಕಠೋರವಾಗಿದೆ. ಕಣದ ಕಾಂತಗುಣ ಅದರ ಗಾತ್ರವನ್ನು ಅವಲಂಬಿಸಿದೆ. ವ್ಯಾಸ ಅರ್ಧವಾದರೆ ಕಾಂತಗುಣ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು ಕಾಂತದ್ವಿಧ್ರುವಗಳ ನಡುವಿನ ದೂರ ಇಮ್ಮಡಿಯಾದರೆ ಬಲ ಹದಿನಾರನೆಯ ಒಂದು ಪಾಲಿಗೆ ಕುಸಿಯುತ್ತದೆ. ಮೇಲಾಗಿ ನೀರಿನ ಅಣುಗಳ ಎಡೆಬಿಡದ ನೂಕಾಟ, ರಕ್ತದ ಪ್ರವಾಹ ಇವೆರಡೂ ಕಣವನ್ನು ಬೇರೆಡೆಗೆ ಒಯ್ಯುತ್ತಿರುತ್ತವೆ. ಈ ವಿಧಾನ ದಶಕಗಳ ಪ್ರಯತ್ನದ ನಂತರವೂ ಸಾಮಾನ್ಯ ಚಿಕಿತ್ಸೆಯಾಗದಿರುವುದಕ್ಕೆ ಇದು ಮುಖ್ಯ ಕಾರಣ.

ಎಳೆಯಲಾಗದುದನ್ನು ತಿರುಗಿಸಬಹುದೆಂಬುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹಿಡಿದ ದಾರಿ. ತಿರುಪುಮೊಳೆಯ ಆಕಾರದ ಸಿಲಿಕಾ ಕಣಕ್ಕೆ ಕಬ್ಬಿಣದ ಲೇಪ ಕೊಟ್ಟು, ತಿರುಗುವ ದುರ್ಬಲ ಕಾಂತಕ್ಷೇತ್ರದಿಂದ ಅದನ್ನು ಗಿರಗಿರನೆ ಸುತ್ತಿಸಿದರೆ, ಮರದಲ್ಲಿ ತಿರುಪು ಇಳಿಯುವಂತೆ ಕಣ ಮುಂದೆ ಸಾಗುತ್ತದೆ. ಹಲ್ಲಿನ ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಮಾಡಿದ ಮೇಲೂ ದಂತದ ಅತಿಸೂಕ್ಷ್ಮ ನಾಳಗಳಲ್ಲಿ ಬ್ಯಾಕ್ಟೀರಿಯಗಳು ಅಡಗಿ ಉಳಿದು, ನೋವು ಮರುಕಳಿಸುವುದುಂಟು. ಈಗ ಬಳಕೆಯಲ್ಲಿರುವ ಶಬ್ದಾತೀತ ತರಂಗ, ಲೇಸರ್ ಮುಂತಾದ ಉಪಾಯಗಳು ಸುಮಾರು 800 ಮೈಕ್ರೋಮೀಟರ್ ಆಳವನ್ನು ಮುಟ್ಟಿದರೆ, ಈ ತಿರುಪುಕಣಗಳು 2,000 ಮೈಕ್ರೋಮೀಟರ್ ಆಳಕ್ಕೆ ಇಳಿದು, ಅಲ್ಲಿ ಕಾವು ಹುಟ್ಟಿಸಿ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲವೆಂದು 2022ರಲ್ಲಿ ಸಂಸ್ಥೆ ಪ್ರಕಟಿಸಿತು. ಇದು ಪ್ರಯೋಗಶಾಲೆಯ ಫಲಿತಾಂಶ. ಆದರೆ ಬಲದ ಎಲ್ಲೆಯನ್ನು ಅರಿತು ಹೂಡಿದ ಉಪಾಯವೆಂಬುದರಿಂದ ಭರವಸೆ ಹುಟ್ಟಿಸುತ್ತದೆ.

ಕಾಂತದ ಕಡಗ, ಕಾಂತದ ಹಾಸಿಗೆ

ಈ ಎಲ್ಲೆಯನ್ನು ಅರಿಯದವರಿಗೆ ಮಾರಾಟವಾಗುವ ವಸ್ತುಗಳು ಮಹಾನಗರಗಳಲ್ಲಿ ಬೇಕಾದಷ್ಟಿವೆ. ರಕ್ತದಲ್ಲಿ ಕಬ್ಬಿಣವಿದೆ, ಅಯಸ್ಕಾಂತ ಕಬ್ಬಿಣವನ್ನು ಸೆಳೆಯುತ್ತದೆ, ಆದ್ದರಿಂದ ಕಾಂತದ ಕಡಗ ತೊಟ್ಟರೆ ರಕ್ತಸಂಚಾರ ಚುರುಕಾಗಿ ಮಂಡಿನೋವು, ರಕ್ತದೊತ್ತಡಗಳು ಶಮನವಾಗುತ್ತವೆ ಎಂಬುದು ಮಾರುವವರ ವಾದ. ಕೇಳಲು ತರ್ಕಬದ್ಧವೆನಿಸುವ ಈ ಮಾತಿನಲ್ಲಿ ತಿರುಳಿಲ್ಲ. ಹಿಮೋಗ್ಲೋಬಿನ್ನಿನ ಪ್ರತಿ ಅಣುವಿನಲ್ಲಿರುವುದು ನಾಲ್ಕು ಕಬ್ಬಿಣದ ಪರಮಾಣುಗಳು, ಅವೂ ಬಿಡಿಬಿಡಿಯಾಗಿ. ಮೊಳೆಯ ಕಬ್ಬಿಣದಲ್ಲಿ ಕೋಟ್ಯಂತರ ಪರಮಾಣುಗಳು ಒಂದೇ ದಿಕ್ಕಿಗೆ ಸಾಲುಗಟ್ಟುವುದರಿಂದ ಬರುವ ಕಾಂತಗುಣ ಇಲ್ಲಿ ಬರುವುದಿಲ್ಲ. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಸೆಳೆಯುವುದಿರಲಿ, ಅತ್ಯಲ್ಪವಾಗಿ ದೂಡುತ್ತದೆ.

ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಕಾಂತಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿ ಎದ್ದ ರೋಗಿಯ ರಕ್ತ ಒಂದು ಕಡೆ ಶೇಖರವಾಗುವುದಿಲ್ಲ. ಅವನ ಮಂಡಿನೋವೂ ಮಾಯವಾಗುವುದಿಲ್ಲ. ಅಂಥ ದೈತ್ಯ ಯಂತ್ರದಿಂದ ಆಗದುದನ್ನು ಮಣಿಕಟ್ಟಿನ ಕಡಗ ಮಾಡೀತೆಂದು ನಂಬುವುದು ಹೇಗೆ? ಹಣ ಹೋದರೆ ದುಡಿದು ಗಳಿಸಬಹುದು. ಕಡಗವನ್ನು ನಂಬಿ ರಕ್ತದೊತ್ತಡದ ಗುಳಿಗೆಯನ್ನು ನಿಲ್ಲಿಸಿದರೆ ಬರುವ ಪಾರ್ಶ್ವವಾಯು ಹೇಳಿ ಕೇಳಿ ಬರುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರಿಗಂತೂ ಪ್ರಬಲ ಅಯಸ್ಕಾಂತದ ಸಾಮೀಪ್ಯವೇ ಅಪಾಯಕರ. ಅಂಥವರು ವೈದ್ಯರನ್ನು ಕೇಳದೆ ಇಂಥ ವಸ್ತುಗಳನ್ನು ಮುಟ್ಟಬಾರದು.

ಬೆಳಕು, ವಿದ್ಯುತ್ತು, ಅಯಸ್ಕಾಂತಗಳು ಸೂಕ್ಷ್ಮ ಕಣಗಳ ಮೇಲೆ ಬಲ ಬೀರುವುದು ಸತ್ಯ. ಆ ಬಲ ಎಷ್ಟು ದೂರ ಸಾಗುತ್ತದೆ, ಎಷ್ಟು ಗಾತ್ರದ ಕಣವನ್ನು ಅಲುಗಿಸುತ್ತದೆ ಎಂಬುದನ್ನು ಅಳೆದವನು ವಿಜ್ಞಾನಿ. ಅಳೆಯದೆ ಮಾತಾಡುವವನು ವ್ಯಾಪಾರಿ. ಮುಂದೆ ಯಾರಾದರೂ ‘ನ್ಯಾನೋ’ ಎಂದೋ ‘ಕಾಂತಶಕ್ತಿ’ ಎಂದೋ ಹೇಳಿ ಔಷಧವನ್ನು ಮುಂದಿಟ್ಟಾಗ, ಯಾವ ಕಣ, ಯಾವ ಬಲ, ಎಷ್ಟು ದೂರ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಸರಿಯಾದ ಉತ್ತರ ದೊರೆಯದಿದ್ದರೆ ಹಣದ ಚೀಲವನ್ನು ಕಟ್ಟಿಕೊಂಡು ಹತ್ತಿರದ ವೈದ್ಯರ ಬಳಿಗೆ ಹೋಗುವುದೇ ವಿವೇಕ.